ಓದಿ ಹೇಳಲಾಗಿದೆ

“ಇಪ್ಪತ್ತೆರಡು.”

“ಎಸ್ ಟೀಚರ್.”

“ಇಪ್ಪತ್ಮೂರು.”

ಉತ್ತರ ಬರಲಿಲ್ಲ. ನಸ್ರೀನ ಹಾಜರಿ ಪುಸ್ತಕದಿಂದ ತಲೆ ಎತ್ತದೆ ಇನ್ನೊಮ್ಮೆ ಕೂಗಿದಳು. ಹಿಂದಿನ ಬೆಂಚಿನಲ್ಲಿ ಯಾರೋ ದನಿ ಸಣ್ಣ ಮಾಡಿಕೊಂಡು, “ಅಕ್ಷರ ನಿಂದ್ರಂಗಿಲ್ರೀ ಸರss...” ಎಂದು ರಾಗ ಎಳೆದರು. ಇಡೀ ಒಂಬತ್ತನೇ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗದೆ ಕುಳಿತವಳು ಶಬಾನಾ ಒಬ್ಬಳೇ. ಅವಳ ಪಕ್ಕದ ಜಾಗ ಖಾಲಿಯಿತ್ತು.

ಇಪ್ಪತ್ಮೂರು ಎಂದರೆ ದಾನೇಶ್ವರಿ. ಸಾಲೋಟಗಿ ರಸ್ತೆಗೆ ಹತ್ತಿಕೊಂಡಿರುವ ಆ ಸರಕಾರಿ ಪ್ರೌಢಶಾಲೆಯಲ್ಲಿ ಹೆಸರು ಹಿಡಿದು ಹಾಜರಿ ಕರೆಯುವ ರೂಢಿಯೇ ಇಲ್ಲ. ಎಂಟನೇ ತರಗತಿಗೆ ಸೇರಿದ ದಿನ ಅಂಟಿದ ನಂಬರು ಹತ್ತನೇ ತರಗತಿ ಮುಗಿಯುವ ತನಕ ಬೆನ್ನು ಬಿಡುವುದಿಲ್ಲ. ನೋಟುಬುಕ್ಕಿನ ಮೇಲೆ ಅದೇ, ಊಟದ ತಾಟಿನ ಹಿಂದೆ ಅದೇ. ಆಟದ ಬಯಲಿನಲ್ಲಿ “ಏ ಹದಿನೇಳು, ಚೆಂಡು ಒಗಿ” ಎಂದು ಕೂಗಿದರೆ ಹದಿನೇಳು ತಿರುಗಿ ನೋಡುತ್ತದೆ. ಇಂಥ ಶಾಲೆಯ ಇಪ್ಪತ್ಮೂರು ಒಂಬತ್ತು ದಿನದಿಂದ ಬಂದಿರಲಿಲ್ಲ. ಜ್ವರ ಎಂದು ಶಬಾನಾಳ ಕೈಯಲ್ಲಿ ಹೇಳಿಕಳಿಸಿದ್ದಳು. ನಸ್ರೀನ ನಂಬಿದ್ದಳು.

ಸಣ್ಣ ಬಿಡುವಿನಲ್ಲಿ ಶಬಾನಾಳನ್ನು ವರಾಂಡದ ಮೂಲೆಗೆ ಕರೆದು ಕೇಳಿದಳು. ಹುಡುಗಿ ಓಢಣಿಯ ತುದಿ ತಿರುವುತ್ತ ನಿಂತಳು.

“ನಿಮ್ಮ ಫೋನಿನ್ಯಾಗ ಇಲ್ಲೇನ್ರಿ ಟೀಚರ್? ಊರಾಗ ಎಲ್ಲಾರ ಫೋನಿನ್ಯಾಗೂ ಐತಲ್ರಿ.”

ಇತ್ತು. ಶಿಕ್ಷಕರ ಗ್ರೂಪಿನಲ್ಲಿ ಶುಭೋದಯದ ಹೂವುಗಳ ನಡುವೆ ಯಾರೋ ಕಳಿಸಿದ್ದ ವಿಡಿಯೋ, ಒಂಬತ್ತು ದಿನದಿಂದ ತೆರೆಯದೆ ಬಿದ್ದಿತ್ತು. ಈಗ ತೆರೆದಳು. ಮುದ್ದೇಬಿಹಾಳದ ಯಾವುದೋ ಸಭಾಂಗಣ, ಸಾಲಾಗಿ ಕುಳಿತ ಶಿಕ್ಷಕರು, ವೇದಿಕೆಯ ಮೇಲೆ ಇಸ್ತ್ರಿ ಮಾಡಿದ ಅಂಗಿಯ ಸುನೀಲಕುಮಾರ. ಕಲಿಕೆಯ ಹಿನ್ನಡೆ ಕುರಿತು ಸಂಶೋಧನೆ ಮಾಡುತ್ತೇನೆಂದು ಜುಲೈ ತಿಂಗಳಲ್ಲಿ ಒಂದು ವಾರ ಇದೇ ಶಾಲೆಗೆ ಬಂದು, ಒಬ್ಬೊಬ್ಬರನ್ನೇ ಗ್ರಂಥಾಲಯದ ಕೋಣೆಗೆ ಕರೆದು ಮಾತಾಡಿಸಿ ಹೋಗಿದ್ದವನು. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಪ್ರೌಢಶಾಲೆ, ಸಾಲೋಟಗಿ ರಸ್ತೆ, ಇಂಡಿ ತಾಲೂಕು. 9ನೇ ತರಗತಿ. ವಿದ್ಯಾರ್ಥಿನಿ 23’ ಎಂದಿತ್ತು. ಆಮೇಲೆ ದನಿ ಕೇಳಿತು.

“ನನಗ ಓದಾಕ ಬರಂಗಿಲ್ರಿ ಸರ. ಅಕ್ಷರ ನಿಂದ್ರಂಗಿಲ್ರಿ, ಓಡಾಡ್ತಾವು. ಶಬಾನಾ ಓದ್ತಾಳ, ನಾ ಕೇಳ್ತೇನಿ. ಎರಡ ಸಲ ಕೇಳಿದ್ರ ಪೂರಾ ಬರ್ತೈತಿ. ಯಾರಿಗೂ ಹೇಳಬ್ಯಾಡ್ರಿ ಸರ.”

ಯಾರಿಗೂ ಹೇಳಬೇಡಿ ಎಂದದ್ದನ್ನೂ ಬಿಡದೆ ಕೇಳಿಸಿದ್ದ, ಪುಣ್ಯಾತ್ಮ! ಸಭೆಯಲ್ಲಿ ಕೆಲವರು ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು.

ನಸ್ರೀನ ವಿಡಿಯೋ ನಿಲ್ಲಿಸಿದಳು. ಆ ದನಿಗೆ ಹೆಸರು ಬೇರೆ ಬೇಕೆ? ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಆ ದನಿ ಎದ್ದಿತೆಂದರೆ ನಳದ ಹತ್ತಿರ ಕೊಡ ಹಿಡಿದ ಹೆಂಗಸರು ನಿಂತು ಕೇಳುತ್ತಿದ್ದರು. ಹೋದ ವರ್ಷ ಸಿಂದಗಿಯ ಕಂಠಪಾಠ ಸ್ಪರ್ಧೆಯಲ್ಲಿ ಮೊದಲ ಬಹುಮಾನ ತಂದದ್ದು ಅದೇ ದನಿ. ನಸ್ರೀನಳಿಗೆ ತನ್ನ ಮೇಲೂ ಸಿಟ್ಟು ಬಂತು. ಎರಡು ವರ್ಷ ಕನ್ನಡ ಕಲಿಸಿದ್ದಳು. ದಾನೇಶ್ವರಿಯ ನೋಟುಬುಕ್ಕುಗಳೆಲ್ಲ ಶಬಾನಾಳ ಕೈಬರಹದಲ್ಲಿರುವುದನ್ನು ನೋಡಿ, ಗೆಳತಿಯರ ಪ್ರೀತಿ ಎಂದು ಮುಗುಳ್ನಕ್ಕು ಸಹಿ ಹಾಕಿದ್ದಳು. ಪರೀಕ್ಷೆಯಲ್ಲಿ ಬಾಯಿಪಾಠದ ಅಂಕ ಸೇರಿಸಿ ಹೇಗೋ ದಾಟಿಸಿದ್ದಳು. ತನಗೆ ಹೇಳದ ಗುಟ್ಟನ್ನು ಹುಡುಗಿ ಬಂದುಹೋಗುವ ಒಬ್ಬ ಮನುಷ್ಯನಿಗೆ ಹೇಳಿದ್ದಳು, ಅವನು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಕ್ಕೆ.

“ಈಗ ಎಲ್ಲಿದ್ದಾಳ?”

“ಅವರವ್ವನ ಸಂಗಾಟ ನಿಂಬಿಹಣ್ಣ ಆರಿಸಾಕ ಹೊಂಟಾಳ್ರಿ. ಇನ್ನ ಸಾಲೀಗೆ ಬರಂಗಿಲ್ಲಂತ, ಆಣಿ ಮಾಡ್ಯಾಳ.”

ನಸ್ರೀನ ನೆಟ್ಟಗೆ ಮುಖ್ಯೋಪಾಧ್ಯಾಯರ ಕೋಣೆಗೆ ನಡೆದಳು. ರಾಚಪ್ಪ ಸರ್ ಕೆಟ್ಟವರಲ್ಲ. ಕಾಗದಪತ್ರ ಸರಿಯಿದ್ದರೆ ಲೋಕ ಸರಿಯಿದೆ ಎಂದು ತಿಳಿದವರು, ಅಷ್ಟೇ. ವಿಡಿಯೋ ಪೂರ್ತಿ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

“ಇದರಾಗ ಹೆಸರ ಎಲ್ಲೈತ್ರಿ ಮೇಡಂ? ಬರೇ ನಂಬರ್ ಐತಿ.”

“ನಂಬರ್ ಅಂದ್ರ ಹೆಸರ ಅಲ್ಲೇನ್ರಿ ನಮ್ಮ ಸಾಲ್ಯಾಗ? ಯಾರನ್ನ ಕೇಳಿ ಮಾತಾಡಿಸಾಕ ಬಿಟ್ರಿ ಸರ?”

“ಅರೆ, ಒಪ್ಪಿಗೆ ಪತ್ರ ಐತ್ರೀ. ಎಲ್ಲಾ ಬರೋಬ್ಬರಿ ಐತಿ, ನೋಡ್ರಿ ಬೇಕಾದ್ರ.”

ಕಪಾಟಿನಿಂದ ಕಡತ ತೆಗೆದು ಮುಂದಿಟ್ಟರು. ಚೆಂದದ ಕನ್ನಡದಲ್ಲಿ ಅಚ್ಚಾದ ಒಪ್ಪಿಗೆ ಪತ್ರ. ಅದಕ್ಕೆ ಪಿನ್ನು ಹೊಡೆದ ಇನ್ನೊಂದು ಹಾಳೆಯಲ್ಲಿ ಪಾಲಕರ ಸಹಿ, ಹೆಬ್ಬೆಟ್ಟುಗಳ ಸಾಲು. ಅದು ಬೇರೊಂದು ಪಟ್ಟಿಯ ಝೆರಾಕ್ಸ್; ತಲೆಬರಹ ಕಾಣದಂತೆ ಮೇಲೆ ಬಿಳಿ ಕಾಗದ ಇಟ್ಟಿದ್ದರು, ಆದರೆ ಕೊನೆಯ ಕಾಲಮ್ಮು ಮುಚ್ಚಲು ಮರೆತಿದ್ದರು. ಒಂದೊಂದು ಹೆಬ್ಬೆಟ್ಟಿನ ಮುಂದೆ ಒಂದೊಂದು ಅಕ್ಷರವಿತ್ತು: ತ, ಬಾ, ತ, ತ, ಬಾ. ದಾನೇಶ್ವರಿಯ ತಾಯಿ ಸೀತವ್ವನ ಹೆಬ್ಬೆಟ್ಟಿನ ಮುಂದೆ ‘ತ’ ಇತ್ತು.

“ಸರ, ಇದು ತತ್ತಿ-ಬಾಳಿಹಣ್ಣಿನ ಪಟ್ಟಿ! ಜೂನಿನ್ಯಾಗ ಬಿಸಿಯೂಟಕ್ಕ ಯಾವ ಮಕ್ಕಳಿಗೆ ತತ್ತಿ, ಯಾರಿಗೆ ಬಾಳಿಹಣ್ಣು ಅಂತ ಕೇಳಿ ಒತ್ತಿಸಿಕೊಂಡಿದ್ದು!”

“ಅದ ಪಾಲಕರು, ಅದ ಹೆಬ್ಬಟ್ಟು. ಮತ್ತೊಮ್ಮೆ ಮಂದೀನ ಕೂಲಿ ಬಿಡಿಸಿ ಕರಸಾಕ ಬರ್ತೈತೇನ್ರಿ? ಮ್ಯಾಲ ತಲಿಬರಹ ಅಷ್ಟ ಬ್ಯಾರೆ.” ರಾಚಪ್ಪ ಸರ್ ದನಿ ತಗ್ಗಿಸಿದರು. “ಮತ್ತ ನೀವೂ ಸಹಿ ಮಾಡೀರಲ್ಲ.”

ಒಪ್ಪಿಗೆ ಪತ್ರದ ಬುಡದಲ್ಲಿ ಒಂದು ಸಾಲಿತ್ತು. ‘ಮೇಲಿನ ವಿವರವನ್ನು ಪಾಲಕರಿಗೆ ಓದಿ ಹೇಳಲಾಗಿದೆ.’ ಅದರ ಕೆಳಗೆ ತರಗತಿ ಶಿಕ್ಷಕಿಯ ಸಹಿ, ಅವಳದೇ. ಜುಲೈಯ ಒಂದು ಮಧ್ಯಾಹ್ನ ಎರಡು ಪಿರಿಯಡ್ಡುಗಳ ನಡುವೆ, ಡಸ್ಟರು ಕಂಕುಳಲ್ಲಿ ಇಟ್ಟುಕೊಂಡೇ ಹಾಕಿದ್ದು. ಓದಿಯೂ ಇರಲಿಲ್ಲ, ಹೇಳಿಯೂ ಇರಲಿಲ್ಲ. ನಸ್ರೀನ ಕಡತವನ್ನು ತನ್ನ ಕಡೆಗೆ ಎಳೆದುಕೊಂಡಳು. ಆ ಎರಡು ಹಾಳೆಗಳನ್ನು ಕಡತದಿಂದ ಬಿಚ್ಚಿ, ಕೇಳದೆ ಬ್ಯಾಗಿಗೆ ಹಾಕಿಕೊಂಡಳು. ರಾಚಪ್ಪ ಸರ್ ಕಡತವನ್ನು ಮಡಚಿ ಕಪಾಟಿಗೆ ಸೇರಿಸಿದರು.

ಶನಿವಾರ ಸುನೀಲಕುಮಾರನ ಕಾರ್ಯಾಗಾರ ಬಸವನ ಬಾಗೇವಾಡಿಯಲ್ಲಿತ್ತು. ನಸ್ರೀನ ರಜೆ ಹಾಕಿ, ಇಂಡಿಯಲ್ಲಿ ಬಸ್ಸು ಹತ್ತಿ, ವಿಜಯಪುರದಲ್ಲಿ ಬದಲಿಸಿ ಹೋಗುವಷ್ಟರಲ್ಲಿ ಅರ್ಧ ಭಾಷಣ ಮುಗಿದಿತ್ತು. ಪರದೆಯ ಮೇಲೆ ಅದೇ ‘ವಿದ್ಯಾರ್ಥಿನಿ 23’ ಬಂದು ನಿಂತಿತ್ತು. ಅವನ ಬೆರಳು ಗುಂಡಿ ಒತ್ತುವ ಮೊದಲೇ ಅವಳು ಹಿಂದಿನ ಸಾಲಿನಿಂದ, “ಒತ್ತಬ್ಯಾಡ್ರಿ!” ಎಂದು ಕೂಗಿದಳು. ಎಲ್ಲರೂ ತಿರುಗಿ ನೋಡಿದರು.

“ನಾ ಆ ಹುಡುಗಿ ಟೀಚರ್. ಇದನ್ನ ನೀವು ಮುದ್ದೇಬಿಹಾಳದಾಗ ಕೇಳಿಸಿದ್ರಿ. ಆಕಿ ಸಾಲಿ ಬಿಟ್ಟಾಳ.”

ಸುನೀಲಕುಮಾರ ಗುಂಡಿಯಿಂದ ಬೆರಳು ತೆಗೆದ. ಆದರೂ ಸಾವರಿಸಿಕೊಂಡ. “ಮೇಡಂ, ನಿಯಮ ಎಲ್ಲಾ ಪಾಲಿಸೇನಿ. ಹೆಸರು ಎಲ್ಲೂ ಇಲ್ಲ. ಬರೇ ಸಂಕೇತ ಸಂಖ್ಯೆ.”

“ಆ ಸಂಖ್ಯೆ ಎಲ್ಲಿಂದ ತಂದ್ರಿ?”

“ಹಾಜರಿ ಪುಸ್ತಕದಿಂದ. ಗೊಂದಲ ಆಗಬಾರದು ಅಂತ...”

“ನೀವು ಎಲ್ಲಿ ಕಲ್ತವರು?”

“ಸಿಂದಗ್ಯಾಗ. ಸರಕಾರಿ ಸಾಲ್ಯಾಗ.”

“ಹತ್ತನೇತ್ತದಾಗ ನಿಮ್ಮ ನಂಬರ್ ಎಷ್ಟಿತ್ತು?”

“ಮೂವತ್ತೊಂದು.” ಕೇಳುವುದೇ ತಡ, ಬಾಯಿಂದ ಬಂದುಬಿಟ್ಟಿತು.

“ಮೂವತ್ತೆರಡು ಯಾರು?”

“ಸಿದ್ದಲಿಂ—” ಅಲ್ಲಿಗೇ ತಡೆದ.

“ಎಷ್ಟ ವರ್ಷ ಆತ್ರಿ ಅದಕ್ಕ?”

“ಹದಿನಾಲ್ಕು.”

“ಹದಿನಾಲ್ಕು ವರ್ಷ ಆದ್ರೂ ನಿಮಗ ಸಿದ್ದಲಿಂಗನ ನಂಬರ್ ಮರತಿಲ್ಲ. ನನ್ನ ಹುಡುಗೀದು ಊರ ಮಂದಿ ಬಾಯಾಗ ಬಿದ್ದು ಹನ್ನೊಂದ ದಿನ ಆತು. ಆಕಿ ಯಾರಿಗೂ ಹೇಳಬ್ಯಾಡ್ರಿ ಅಂದಿದ್ದನ್ನೂ ಕೇಳಿಸಿದ್ರಿ. ನಾಚಿಕಿ ಬರಲಿಲ್ಲೇನ್ರಿ?”

ಸಂಘಟಕರೊಬ್ಬರು ಎದ್ದು, “ಮೇಡಂ, ಚಹಾ ಕುಡುದು ಮಾತಾಡೂಣಂತ” ಎಂದರು. ಚಹಾ ಬಂತು, ಜೊತೆಗೆ ಚೂಡಾ. ಸುನೀಲಕುಮಾರ ಅವಳೆದುರಿಗೇ ಆ ಧ್ವನಿಯನ್ನು ಅಳಿಸಿದ, ವರದಿಯಿಂದ ಆ ಪುಟ ತೆಗೆಯುತ್ತೇನೆಂದು ಬರೆದುಕೊಟ್ಟ. ಅವನ ಕಣ್ಣಲ್ಲಿ ನೀರಿತ್ತು. “ಹೊರಗ ಹೋಗಿದ್ದು ನನ್ನ ಕೈಯಾಗ ಇಲ್ರಿ ಮೇಡಂ” ಎಂದ. ಅವನ ಹಿಂದೆ ನಿಂತಿದ್ದ ಶಿಕ್ಷಕರೊಬ್ಬರು ಲೋಟ ಕೆಳಗಿಟ್ಟು, “ಸರ, ಹಾಜರಾತಿ ಸರ್ಟಿಫಿಕೇಟ್ ಎಷ್ಟ ಗಂಟೇಕ ಕೊಡ್ತೀರಿ?” ಎಂದು ಕೇಳಿದರು. ನಸ್ರೀನ ಚಹಾ ಮುಟ್ಟದೆ ಬಸ್ ನಿಲ್ದಾಣಕ್ಕೆ ಬಂದಳು.

ಮರುದಿನ ರವಿವಾರ. ಊರ ಹೊರಗಿನ ತೋಟದಲ್ಲಿ ಬೇವಿನ ನೆರಳಿಗೆ ತಾಡಪಾಲು ಹಾಸಿ ನಿಂಬೆಹಣ್ಣಿನ ರಾಶಿ ಸುರಿದಿದ್ದರು. ಸೀತವ್ವ, ದಾನೇಶ್ವರಿ ಎದುರುಬದುರು ಕುಳಿತು ದೊಡ್ಡವು, ಸಣ್ಣವು, ಕಲೆ ಬಿದ್ದವು ಎಂದು ಬೇರೆ ಮಾಡುತ್ತಿದ್ದರು. ಟೀಚರನ್ನು ಕಂಡದ್ದೇ ಹುಡುಗಿ ತಲೆ ತಗ್ಗಿಸಿದಳು. ಕೈ ಮಾತ್ರ ನಿಲ್ಲಲಿಲ್ಲ.

“ಬರ್ರಿ ಅಕ್ಕಾರ” ಎಂದು ಸೀತವ್ವ ಖಾಲಿ ಚೀಲ ಕೊಡವಿ ಹಾಸಿದಳು. ನಸ್ರೀನ ಕೂತು ಇದ್ದದ್ದನ್ನು ಇದ್ದಂತೆ ಹೇಳಿದಳು: ಪಟ್ಟಿ, ಝೆರಾಕ್ಸು, ತನ್ನ ಸಹಿ. ಏನನ್ನೂ ಮುಚ್ಚಿಡಲಿಲ್ಲ.

ಸೀತವ್ವ ಕೈಯಲ್ಲಿದ್ದ ಹಣ್ಣನ್ನು ರಾಶಿಗೆ ಬೀಸಿ ಒಗೆದಳು. “ತತ್ತಿ ಬೇಕೋ ಬಾಳಿಹಣ್ಣ ಬೇಕೋ ಅಂದ್ರು. ನನ್ನ ಮಗಳಿಗೆ ತತ್ತಿ ಬೇಕ್ರಿ ಅಂದೆ, ಹೆಬ್ಬಟ್ಟ ಒತ್ತಿದೆ. ಮಗಳ ಮಾನ ಕೊಡ್ತೀಯೇನಬೇ ಅಂತ ಯಾರೂ ಕೇಳಲಿಲ್ರಿ ಅಕ್ಕಾರ. ನಮ್ಮ ಹೆಬ್ಬಟ್ಟು ಅಂದ್ರ ಎಲ್ಲಿ ಬೇಕಲ್ಲಿ ಹಚ್ಚಾಕ ಬೆಲ್ಲದ ಅಂಟೇನ್ರಿ?”

“ತಪ್ಪು ನಂದೂ ಐತಿ ಸೀತವ್ವ.” ನಸ್ರೀನ ಹುಡುಗಿಯ ಕಡೆ ತಿರುಗಿದಳು. “ಸಾಲೀಗೆ ಬಾ ದಾನೇಶ್ವರಿ. ಓದೂದು ನಾ ಕಲಸ್ತೇನಿ. ದಿನಾ ಸಂಜೀಕ, ನಾವಿಬ್ಬರ.”

ದಾನೇಶ್ವರಿ ಮೊದಲ ಸಲ ಮುಖ ಎತ್ತಿದಳು. “ಅದನ್ನ ನೀವೂ ಬರಕೊಂತೀರೇನ್ರಿ ಟೀಚರ್?”

ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ನಸ್ರೀನ ಬ್ಯಾಗಿನಿಂದ ಒಪ್ಪಿಗೆ ಪತ್ರ ತೆಗೆದಳು. “ಓದಿ ಹೇಳೇನಿ ಅಂತ ಸಹಿ ಮಾಡಿದ್ದೆ. ಹೇಳಿದ್ದಿಲ್ಲ. ಈಗ ಹೇಳ್ತೇನಿ” ಎಂದು ಮೊದಲ ಸಾಲಿನಿಂದ ಕೊನೆಯ ಸಹಿಯವರೆಗೆ, ತನ್ನ ಹೆಸರನ್ನೂ ಬಿಡದೆ, ಒಂದೊಂದಾಗಿ ಓದಿದಳು. ಸೀತವ್ವ ತಿಳಿಯದ ಕಡೆ ತಡೆದು ಕೇಳಿದಳು. ಎಲ್ಲ ಮುಗಿದ ಮೇಲೆ, “ಇಷ್ಟ ಚಲೋ ಬರದಾರ?” ಎಂದಳು.

“ಇನ್ನೊಮ್ಮೆ ಓದ್ರಿ ಟೀಚರ್” ಎಂದಳು ದಾನೇಶ್ವರಿ.

ನಸ್ರೀನ ಇನ್ನೊಮ್ಮೆ ಓದಿದಳು. ಹುಡುಗಿ ಹಣ್ಣು ಆರಿಸುತ್ತಲೇ ಇದ್ದಳು. ನಾಳೆ ಬರುತ್ತೀಯಾ ಎಂದದ್ದಕ್ಕೆ ಇನ್ನೊಂದು ಹಣ್ಣು ಎತ್ತಿ ತಿರುವಿ ನೋಡಿದಳು.

ಸೋಮವಾರ ಪ್ರಾರ್ಥನೆಯ ಗಂಟೆ ಹೊಡೆದಾಗ ಗೇಟಿನ ಹೊರಗೆ ಬುತ್ತಿಗಂಟು ಹಿಡಿದು ಸೀತವ್ವ ನಿಂತಿದ್ದಳು. ಹುಡುಗಿಯರ ಸಾಲಿನ ಕೊನೆಯಲ್ಲಿ ದಾನೇಶ್ವರಿ ಇದ್ದಳು. ಅವಳನ್ನು ಕಂಡು ಗುಸುಗುಸು ಶುರುವಾಯಿತು, ಒಂದಿಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಪ್ರಾರ್ಥನೆ ಮುಗಿಯಿತು, ಸುದ್ದಿ ಓದಿದ್ದಾಯಿತು. ರಾಚಪ್ಪ ಸರ್ ಎಲ್ಲರನ್ನೂ ತರಗತಿಗೆ ಬಿಡಬೇಕು ಎನ್ನುವಷ್ಟರಲ್ಲಿ ದಾನೇಶ್ವರಿ ಯಾರನ್ನೂ ಕೇಳದೆ ಮುಂದೆ ಬಂದು ನಿಂತಳು. ಕೈ ಎರಡೂ ಖಾಲಿಯಿದ್ದವು.

“ಒಪ್ಪಿಗೆ ಪತ್ರ” ಎಂದಳು. ದನಿ ಮೊದಲು ಒಡೆಯಿತು, ಆಮೇಲೆ ಏರಿತು. “ಈ ಅಧ್ಯಯನದ ಉದ್ದೇಶವನ್ನು ನನಗೆ ನನ್ನ ಭಾಷೆಯಲ್ಲಿ ತಿಳಿಸಲಾಗಿದೆ. ನನ್ನ ಮಗಳು ಹೇಳುವ ಪ್ರತಿಯೊಂದು ಮಾತನ್ನೂ ಗೋಪ್ಯವಾಗಿ ಇಡಲಾಗುವುದು. ಅವಳ ಹೆಸರು, ಗುರುತು, ಧ್ವನಿ ಎಲ್ಲಿಯೂ ಬಹಿರಂಗವಾಗುವುದಿಲ್ಲ. ಯಾವಾಗ ಬೇಕಾದರೂ ಬೇಡ ಎನ್ನುವ ಹಕ್ಕು ನನಗೂ ನನ್ನ ಮಗಳಿಗೂ ಇದೆ.”

ನಳದ ಹತ್ತಿರ ಹೆಂಗಸರು ಕೊಡ ಹಿಡಿದು ನಿಂತರು. ರಾಚಪ್ಪ ಸರ್ ಕನ್ನಡಕ ತೆಗೆದರು, ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡರು. ಸಾಲಿನಲ್ಲಿ ಈಗ ಯಾರೂ ನಗುತ್ತಿರಲಿಲ್ಲ.

“ಮೇಲಿನ ವಿವರವನ್ನು ಪಾಲಕರಿಗೆ ಓದಿ ಹೇಳಲಾಗಿದೆ. ತರಗತಿ ಶಿಕ್ಷಕಿಯ ಸಹಿ, ನಸ್ರೀನ.” ದಾನೇಶ್ವರಿ ಟೀಚರ ಮುಖ ನೋಡಿಯೇ ಆ ಹೆಸರು ಹೇಳಿದಳು. ನಸ್ರೀನ ಕಣ್ಣು ತಪ್ಪಿಸಲಿಲ್ಲ. “ಪಾಲಕರ ಸಹಿ ಅಥವಾ ಎಡಗೈ ಹೆಬ್ಬೆರಳಿನ ಗುರುತು.”

ಅಷ್ಟಕ್ಕೆ ನಿಲ್ಲಿಸಿ ಗೇಟಿನ ಕಡೆ ನೋಡಿದಳು. ಕೂಲಿಯವರನ್ನು ತೋಟಕ್ಕೆ ಒಯ್ಯುವ ಟೆಂಪೋ ಹಾರ್ನು ಹೊಡೆದು ಕಾಯುತ್ತಿತ್ತು. ಸೀತವ್ವ ಅದರ ಕಡೆ ಹೊರಳದೆ, ಎಡಗೈ ಹೆಬ್ಬೆರಳನ್ನು, ಇನ್ನೂ ಮಸಿ ಹತ್ತಿದೆ ಎಂಬಂತೆ, ಸೀರೆಯ ಸೆರಗಿಗೆ ಒರೆಸುತ್ತಲೇ ನಿಂತಿದ್ದಳು.