ಸೇತುವೆ ಬರುವುದಕ್ಕೆ ಮುಂಚೆ

ನಮ್ಮ ಮನೆಗೆ ಯಾರೇ ಬರಲಿ, ಚಪ್ಪಲಿ ಬಿಟ್ಟು ಪಡಸಾಲೆಗೆ ಕಾಲಿಟ್ಟ ಕೂಡಲೇ ಅವರ ಕಣ್ಣು ಹೋಗುವುದು ಆ ಫೋಟೋದ ಕಡೆಗೇ. ಹೋಗದೆ ಏನು ಮಾಡೀತು? ಬಾಗಿಲಿನ ಅರ್ಧದಷ್ಟು ದೊಡ್ಡದಿದೆ. ವೆನಿಸ್ ಎಂಬ ಊರಿನ ಕಾಲುವೆ, ಒಂದು ಕರಿ ದೋಣಿ, ದೋಣಿಯಲ್ಲಿ ಹಸಿರು ಇಳಕಲ್ ಸೀರೆ ಉಟ್ಟು ನೀರಿನ ಕಡೆಗೆ ಬಗ್ಗಿರುವ ನಾನು. ಬಾಯಿ ತುಂಬ ನಗುತ್ತಿದ್ದೇನೆ. "ಎಷ್ಟು ಖುಷಿಯಾಗಿ ಅದೀರಿ ಅಕ್ಕಾರ" ಎನ್ನುತ್ತಾರೆ ಬಂದವರು. ನಾನು ಹೂಂ ಎನ್ನುತ್ತೇನೆ. ಎಂಟು ವರ್ಷದಿಂದ ಹೂಂ ಎಂದುಕೊಂಡೇ ಬಂದಿದ್ದೇನೆ.

ನಾನು ಸುವರ್ಣಮ್ಮ. ತವರು ಕುರುಗೋಡು, ಕೊಟ್ಟಿದ್ದು ಸಿರುಗುಪ್ಪಕ್ಕೆ. ನಮ್ಮ ಯಜಮಾನರು ಮರಿಬಸಪ್ಪನವರದು ಇಲ್ಲಿ ಬೀಜ-ಗೊಬ್ಬರದ ಅಂಗಡಿ. ದೇಶನೂರು ಕಡೆಯ ಭತ್ತದ ರೈತರು ಬೇರೆ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಬೆಳೆಗೆ ಹೊಡೆಯುವ ಔಷಧದ ಕಂಪನಿಯವರು ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಹೆಂಡತಿಯರ ಸಮೇತ ಇಟಲಿಗೆ ಕರೆದುಕೊಂಡು ಹೋದರು. ಬಳ್ಳಾರಿಯಾಚೆಗೆ ನಾನು ಹೋಗಿದ್ದೆಂದರೆ ಶ್ರೀಶೈಲಕ್ಕೆ, ಅದೂ ಎರಡು ಸಲ. ವಿಮಾನ ಹತ್ತುವಾಗ ಹೊಸ್ತಿಲಿಗೆ ನಮಸ್ಕಾರ ಮಾಡಿದೆನೆಂದು ಬಾಗಿಲಲ್ಲಿ ನಿಂತಿದ್ದ ವಿಮಾನದ ಹುಡುಗಿ ನಕ್ಕಳು. ನಗಲಿ ಬಿಡಿ, ಇಳಿಯುವಾಗ ನಾನೂ ನಕ್ಕೆ.

ಸುಳ್ಳು ಯಾಕೆ ಹೇಳಲಿ, ಆ ಎಂಟು ದಿನ ಸುಖವಾಗಿದ್ದೆವು. ಚೀಲದ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ರೋಮ್ ಊರಿನ ಬಿದ್ದ ಕಂಬಗಳನ್ನೆಲ್ಲ ನೋಡಿ ಇವರು, "ನಮ್ಮ ಹಂಪಿಯೊಳಗ ಇದಕ್ಕಿಂತ ಚೆಂದ ಬಿದ್ದಾವಲ್ಲೇ" ಎಂದರು. ಪೀಸಾದ ಸೊಟ್ಟ ಗೋಪುರದ ಮುಂದೆ ನಿಂತು, "ಇದರ ಮೇಸ್ತ್ರಿ ನಮ್ಮ ಸಿರುಗುಪ್ಪದವನ ಇರಬೇಕು" ಎಂದಾಗ ತೆಲುಗಿನವನಾದರೂ ಕನ್ನಡ ಬಲ್ಲ ನಮ್ಮ ಗೈಡಿಗೂ ನಗು ತಡೆಯಲಾಗಲಿಲ್ಲ. ಫ್ಲಾರೆನ್ಸಿನಲ್ಲಿ ರಸ್ತೆ ದಾಟಿಸಲು ಕೈ ಹಿಡಿದವರು ಆಚೆ ಕಡೆ ಹೋದ ಮೇಲೂ ಬಿಡಲಿಲ್ಲ. ಮದುವೆಯಾಗಿ ಮೂವತ್ತೊಂದು ವರ್ಷಕ್ಕೆ, ಹಗಲು ಹೊತ್ತಿನಲ್ಲಿ, ಬೀದಿಯಲ್ಲಿ! ನನಗೆ ನಾಚಿಕೆಯಾಯಿತು. ಆದರೂ ಕೈ ಬಿಡಿಸಿಕೊಳ್ಳಲಿಲ್ಲ.

ಐದನೆಯ ದಿನ ವೆನಿಸ್. ಬೆಳಿಗ್ಗೆ ಹೋಟೆಲಿನ ಕೋಣೆಯಲ್ಲಿ ಲಿಂಗಪೂಜೆಗೆ ಕೂತಿದ್ದೆ. ನಮ್ಮ ಪೈಕಿ ಇಷ್ಟಲಿಂಗ ಮೈಮೇಲಿಂದ ಅಗಲುವ ಹಾಗಿಲ್ಲ. ಬಿಳಿ ಪಾವಡದ ಬಟ್ಟೆಯಲ್ಲಿ ಸುತ್ತಿ, ಬೆಳ್ಳಿಯ ಕರಡಿಗೆಯಲ್ಲಿಟ್ಟು, ದಾರ ಕಟ್ಟಿ ಕೊರಳಿಗೆ ಹಾಕಿಕೊಂಡರೆ ಅದು ಸಮಾಧಿಯವರೆಗೂ ಜೊತೆಗೇ. ನನ್ನದು ಏಳು ವರ್ಷದವಳಿದ್ದಾಗ ಕುರುಗೋಡಿನಲ್ಲಿ ಗುರುಗಳು ಕೊಟ್ಟದ್ದು. ಅವತ್ತು ಗೈಡು ಹೊರಗಿನಿಂದ ಬಾಗಿಲು ಬಡಿಯತೊಡಗಿದ. ನಾನು ಗಡಬಡಿಸಿ ಎದ್ದು, ಕರಡಿಗೆಯ ಮುಚ್ಚಳವನ್ನು ಒತ್ತಿದೆನೋ ಇಲ್ಲವೋ, ಓಡಿದೆ.

ದೋಣಿಯಲ್ಲಿ ಕೂತೆವು. ಪಟ್ಟೆ ಅಂಗಿಯ ದೋಣಿಯವ ಏನೋ ಹಾಡಿದ. ಇವರು ಸುಮ್ಮನಿದ್ದಾರೆಯೇ, ತಾವೂ ಒಂದು ಭಜನೆಯ ಪದ ಎತ್ತಿಕೊಂಡರು. ನನಗೆ ತುಂಗಭದ್ರೆ ದಾಟುವಾಗಿನ ರೂಢಿ. ನೀರು ಕಂಡರೆ ಬಗ್ಗಿ ಮುಟ್ಟಿ ಕಣ್ಣಿಗೆ ಹಚ್ಚಿಕೊಳ್ಳಬೇಕು. ಬಗ್ಗಿದೆ.

"ಏ ಸುವರ್ಣಾ, ಅದು ಗಂಗಿ ಅಲ್ಲ, ಊರ ಗಟಾರದ ನೀರು! ಇತ್ತ ನೋಡು" ಎಂದು ಇವರು ಮೊಬೈಲ್ ಎತ್ತಿದರು. ನಾನು ನಕ್ಕೆ. ಕರಡಿಗೆ ಕುಪ್ಪಸದೊಳಗಿಂದ ಜಾರಿ ತೂಗಾಡಿತು. ಮುಚ್ಚಳ ತೆರೆದುಕೊಂಡಿತು. ಫೋಟೋ ಚಕ್ ಎಂದಿತು. ನೀರು ಬುಳುಕ್ ಎಂದಿತು.

ಅಷ್ಟೇ. ನಿಂಬೆಹಣ್ಣಿನಷ್ಟು ಬಿಳಿ ಗಂಟು ಆ ಹಸಿರು ನೀರಿನೊಳಗೆ ಇಳಿದು ಹೋಯಿತು. ಅಷ್ಟರಲ್ಲಿ ಸೇತುವೆ ಬಂತು, ದೋಣಿಯವ ತಲೆ ಬಗ್ಗಿಸಿ ಎಂದು ಸನ್ನೆ ಮಾಡಿದ, ಎಲ್ಲರೂ ಬಗ್ಗಿಸಿದೆವು. ಸೇತುವೆಯ ಆಚೆ ಬಂದಾಗ ನಾನು ಖಾಲಿ ಕರಡಿಗೆಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದೆ. ಬಾಯಲ್ಲಿ ನಗು ಹಾಗೇ ಇತ್ತು.

ಹೇಳಬಹುದಿತ್ತಲ್ಲ ಎನ್ನುತ್ತೀರಿ. ನಮ್ಮ ಅತ್ತೆ ಚನ್ನವೀರಮ್ಮನನ್ನು ನೀವು ನೋಡಿಲ್ಲ. ಅವರ ಓರಗಿತ್ತಿ ಕಾಲುವೆಯಲ್ಲಿ ಬಟ್ಟೆ ಒಗೆಯುವಾಗ ಲಿಂಗ ಕಳೆದುಕೊಂಡಿದ್ದಳಂತೆ. ಗುರುಗಳು ಬೇರೆ ಲಿಂಗ ಕಟ್ಟಿದರೂ ಅತ್ತೆ ಅವಳ ಕೈಯ ನೀರು ಕುಡಿಯಲಿಲ್ಲ, ಅವಳು ಸಾಯುವತನಕ. "ಲಿಂಗ ಬಿಟ್ಟಾಕಿ ಜೀವ ಬಿಟ್ಟಂಗ. ಓಡಾಡ್ತಾಳಂತ ಬದುಕ್ಯಾಳ ಅನಬ್ಯಾಡ್ರಿ" ಎನ್ನುತ್ತಿದ್ದರು. ಇಟಲಿಗೆ ಹೊರಡುವ ದಿನವೂ ನನ್ನ ಎದೆ ಮುಟ್ಟಿ, "ಜ್ವಾಕಿ" ಎಂದಿದ್ದರು. ಯಜಮಾನರು ಆ ತಾಯಿಯ ಮಗ. ನನಗೆ ಹೆದರಿಕೆಯಾಯಿತು, ನೇರವಾಗಿ ಹೇಳುತ್ತೇನೆ, ಇವರು ನನ್ನ ಕೈ ಬಿಟ್ಟುಬಿಡುತ್ತಾರೆ ಎಂದು ಹೆದರಿಕೆಯಾಯಿತು.

ಎರಡು ದಿನದ ಮೇಲೆ ಕೋಮೋ ಎಂಬಲ್ಲಿ ಕೆರೆ ತೋರಿಸಿದರು. ದಂಡೆಯ ತುಂಬ ಕಲ್ಲು. ಒಂದು ಕರಿ ಕಲ್ಲನ್ನು ಆರಿಸಿದೆ; ಅದರ ನಡುವಿಗೆ ದಾರ ಕಟ್ಟಿದ ಹಾಗೆ ಸುತ್ತಲೂ ಒಂದು ಬಿಳಿ ಗೆರೆ. ಕರವಸ್ತ್ರ ಹರಿದು ಅದನ್ನು ಸುತ್ತಿ ಕರಡಿಗೆಯಲ್ಲಿಟ್ಟು ಮುಚ್ಚಳ ಒತ್ತಿದೆ. ಆಮೇಲೆ ಆ ಗಂಟನ್ನು ನಾನು ಒಂದು ದಿನವೂ ಬಿಚ್ಚಲಿಲ್ಲ. ಬೆಳಿಗ್ಗೆ ಕಣ್ಣು ಮುಚ್ಚಿ, ಗಂಟಿನ ಮೇಲೆಯೇ ವಿಭೂತಿ ಹಚ್ಚಿ, ಎದ್ದುಬಿಡುತ್ತಿದ್ದೆ. ದೇವರ ಮುಂದೆ ಅಂಥ ಕಳ್ಳಾಟ.

ಊರಿಗೆ ಬಂದ ಮೇಲೆ ಇಟಲಿಯ ಕತೆ ಶುರುವಾಯಿತು. ಯಾರ ಮನೆಗೆ ಹೋಗಲಿ, ಚಹಾ ಬರುವುದರೊಳಗೆ ಇವರು ನನ್ನ ಕಡೆ ತಿರುಗಿ, "ಆ ದೋಣಿದು ಹೇಳು" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಪಟ್ಟೆ ಅಂಗಿ, ಇವರ ಭಜನೆ, ಗಟಾರದ ನೀರು, ಎಲ್ಲರೂ ಬಿದ್ದು ಬಿದ್ದು ನಗುವುದು.

"ಬಗ್ಗಿ ನೀರು ಮುಟ್ಟಿದೆ" ಎನ್ನುವಷ್ಟರಲ್ಲಿ ಇವರು ಕೇಳುತ್ತಿದ್ದರು, "ಆಮ್ಯಾಲೇನಾತು?"

"ಆಮ್ಯಾಲೇನು, ಸೇತುವಿ ಬಂತು."

"ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆ ನಿಮ್ಮ ಕತ್ತಿ ರಾಗ!" ಎಂದು ನಾನು ಹಾರಿಸಿಬಿಡುತ್ತಿದ್ದೆ. ಇವರು ನಗುತ್ತಿದ್ದರು. ಮುಂದಿನ ಮನೆಯಲ್ಲಿ ಮತ್ತೆ ಅದೇ, "ಆಮ್ಯಾಲೇನಾತು?" ಎಷ್ಟು ಸಲ ಕೇಳುತ್ತೀರಿ ಮಾರಾಯರೇ ಎಂದು ಒಮ್ಮೊಮ್ಮೆ ಮೈ ಉರಿಯುತ್ತಿತ್ತು.

ಬಂದು ಎರಡು ತಿಂಗಳಿಗೆ ಬಳ್ಳಾರಿಗೆ ಹೋದವರು ಕೌಲ್ ಬಜಾರಿನ ರಂಗಣ್ಣನ ಅಂಗಡಿಯಲ್ಲಿ ಆ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಆಟೋದಲ್ಲಿ ನಿಲ್ಲಿಸಿಕೊಂಡು ಬಸ್ ಸ್ಟ್ಯಾಂಡಿಗೆ ತಂದು ಹೇಗೋ ಮನೆ ಮುಟ್ಟಿಸಿದರು. ಸುತ್ತಿದ ಪೇಪರ್ ತೆಗೆದಾಗ ನಾನು ಹತ್ತಿರ ಹೋಗಿ ನೋಡಿದೆ. ನನ್ನ ಕೈಗೂ ನೀರಿಗೂ ನಡುವೆ, ಗಾಳಿಯಲ್ಲಿ, ಒಂದು ಬಿಳಿ ಚುಕ್ಕೆ.

"ರಂಗಣ್ಣ ಆ ಚುಕ್ಕಿ ಅಳಿಸಿಬಿಡ್ತೀನಿ ಅಂದ" ಎಂದರು ಇವರು, ಮೊಳೆ ಹೊಡೆಯುತ್ತಾ. "ನಾನ ಬ್ಯಾಡ ಅಂದೆ. ನೀರಿನ ಮ್ಯಾಲ ಬಿಸಿಲು ಬಿದ್ದಿರತೈತಿ, ಇರಲಿ ಬಿಡಪಾ ಅಂದೆ."

"ಹೌದ್ರಿ, ಬಿಸಿಲು" ಎಂದೆ.

ಅಲ್ಲಿಂದ ನನಗೆ ನೆಮ್ಮದಿ ಎನ್ನುವುದು ಇಲ್ಲ. ಆ ಫೋಟೋದೊಳಗಿನ ಹೆಂಗಸು ನನ್ನನ್ನು ನೋಡುತ್ತಲೇ ಇದ್ದಳು. ಕಸ ಗುಡಿಸುವಾಗ, ಅಕ್ಕಿ ಆರಿಸುವಾಗ, ಅವಳು ನಗುತ್ತಲೇ ಇದ್ದಳು, ಚುಕ್ಕೆ ಬೀಳುತ್ತಲೇ ಇತ್ತು. ಅದು ಎಂದಾದರೂ ನೀರು ಮುಟ್ಟಿದರೆ ಸಾಕು ಅನ್ನಿಸುತ್ತಿತ್ತು ನನಗೆ. ಹಂಡೆಯಲ್ಲಿ ತಂಬಿಗೆ ಮುಳುಗಿದರೆ ಬುಳುಕ್. ದೇಶನೂರಿನ ಹೊಲಕ್ಕೆ ಹೋದರೆ ಕಾಲುವೆಯ ತೂಬಿನಲ್ಲಿ ಬುಳುಕ್. ಬಟ್ಟಲಿಗೆ ಸಾರು ಹಾಕುವಾಗ ಕೂಡ. ಅತ್ತೆ ಹೇಳಿದ ಮಾತೇ ನಿಜವಿರಬೇಕು, ಜೀವ ಇಟಲಿಯ ನೀರಿನ ತಳದಲ್ಲಿದೆ, ಇಲ್ಲಿ ರೊಟ್ಟಿ ತಟ್ಟುತ್ತಿರುವುದು ಬರೀ ಮೈ ಎಂದುಕೊಳ್ಳುತ್ತಿದ್ದೆ. ಎರಡು ವರ್ಷಕ್ಕೆ ಅತ್ತೆ ತೀರಿಕೊಂಡರು. ಆಗಲಾದರೂ ಹೇಳಬಹುದಿತ್ತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ?

ಒಂದೇ ಒಂದು ಸಲ ಸಿಕ್ಕಿಬೀಳುತ್ತೇನೆ ಎಂದುಕೊಂಡಿದ್ದೆ. ಇಟಲಿಯಿಂದ ಬಂದ ವರ್ಷವೇ ಬಳ್ಳಾರಿಯ ಆಸ್ಪತ್ರೆಯಲ್ಲಿ ಸೊಂಟದ ಸ್ಕ್ಯಾನ್ ಮಾಡಿಸಬೇಕಾಯಿತು. ಮೈಮೇಲೆ ಬೆಳ್ಳಿ, ಬಂಗಾರ ಏನೂ ಇರಬಾರದು ಎಂದಳು ನರ್ಸು. ಕರಡಿಗೆಯನ್ನು ಇವರ ಕೈಗೆ ಕೊಟ್ಟು ಆ ಕೊಳವೆಯೊಳಗೆ ಮಲಗಿದೆ. ಹೊರಗೆ ಬಂದಾಗ ಇವರು ಬೆಂಚಿನ ಮೇಲೆ ಹಾಗೇ ಕೂತಿದ್ದರು. ತಾವೇ ನನ್ನ ಕೊರಳಿಗೆ ಹಾಕಿ, ಮುಚ್ಚಳ ಗಟ್ಟಿ ಇದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಬದುಕಿದೆ ಎಂದುಕೊಂಡೆ.

ಆಮೇಲಿನಿಂದ ಇವರಿಗೊಂದು ಹೊಸ ಚಾಳಿ ಹತ್ತಿತು. ಮೊದಲೆಲ್ಲ ಪಡಸಾಲೆಯಲ್ಲೇ ಲಿಂಗಪೂಜೆ ಮಾಡುತ್ತಿದ್ದವರು ದೇವರ ಕೋಣೆಯ ಬಾಗಿಲು ಹಾಕಿಕೊಂಡು ಕೂರತೊಡಗಿದರು. ಅರ್ಧ ಗಂಟೆ, ಮುಕ್ಕಾಲು ಗಂಟೆ. "ರೊಟ್ಟಿ ಆರಿ ಕಟ್ಟಿಗಿ ಆತ್ರಿ! ಫಾರಿನ್ನಿಗೆ ಹೋಗಿ ಬಂದು ಭಕ್ತಿ ಭಾಳ ಜಾಸ್ತಿ ಆತು" ಎಂದು ನಾನು ಒಲೆಯ ಮುಂದಿನಿಂದ ಕೂಗುತ್ತಿದ್ದೆ.

ಹೋದ ವಾರ, ಸೋಮವಾರ ಬೆಳಿಗ್ಗೆ, ಅಂಗಡಿಯ ಶಟರ್ ಎತ್ತಿದವರು ಅಲ್ಲೇ ಕುಸಿದರು. ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು.

ಮಗಳು ಗಂಗೋತ್ರಿ ಬಳ್ಳಾರಿಯಿಂದ ಓಡಿ ಬಂದಳು. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ನಮ್ಮ ಪದ್ಧತಿಯಂತೆ ಇವರನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದರು. ಸರಿಯಾಗಿ ಆ ಫೋಟೋದ ಕೆಳಗೆ. ಮಠದ ಅಯ್ಯನವರು ಬಂದು ಮುಂದೆ ಕೂತರು. ಕೊರಳಿನ ಕರಡಿಗೆ ತೆಗೆದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕೊನೆಯ ಪೂಜೆ ಮಾಡಬೇಕು; ಅದನ್ನು ಹಿಡಿದುಕೊಂಡೇ ಸಮಾಧಿಗೆ ಹೋಗಬೇಕು. ಅಯ್ಯನವರು ಮುಚ್ಚಳ ತೆರೆದರು. ಗಂಟು ಬಿಚ್ಚಿದರು. ಅವರ ಕೈ ನಿಂತುಬಿಟ್ಟಿತು.

"ಇದು ಲಿಂಗ ಅಲ್ಲ. ಕಲ್ಲು" ಎಂದರು.

ಜನ ಮುಂದೆ ಬಗ್ಗಿದರು. ಇವರ ದೊಡ್ಡಪ್ಪನ ಮಗ ಮೈಲಾರಪ್ಪ ಎಲ್ಲರಿಗೂ ಕೇಳುವ ಹಾಗೆ ಅಂದ, "ಇಷ್ಟು ವರ್ಷ ಲಿಂಗ ಇಲ್ದ ಇದ್ದನೇನು ನಮ್ಮ ಮರಿಬಸಪ್ಪ? ಲಿಂಗ ಇಲ್ದಾತಗ ಸಮಾಧಿ ಕ್ರಿಯೆ ಹೆಂಗ ಮಾಡಾದು?"

ನಾನು ನೋಡಿದೆ. ಅಯ್ಯನವರ ಬೆರಳ ನಡುವೆ ಕರಿ ಕಲ್ಲು. ಅದರ ಸುತ್ತಲೂ ಬಿಳಿ ಗೆರೆ. ಕೋಮೋ ಕೆರೆಯ ದಂಡೆಯ ನನ್ನ ಕಲ್ಲು. ಉಜ್ಜಿ ಉಜ್ಜಿ ನುಣುಪಾಗಿತ್ತು, ದಿನವೂ ನೀರು ಹಾಕಿ ವಿಭೂತಿ ಹಚ್ಚಿದ ಕಲ್ಲು.

ನನ್ನ ಕರಡಿಗೆ ತೆರೆದೆ. ಎಂಟು ವರ್ಷದಲ್ಲಿ ಮೊದಲ ಸಲ ಗಂಟು ಬಿಚ್ಚಿದೆ. ಒಳಗೆ ಲಿಂಗವಿತ್ತು. ಮೇಲೆ ಲೇಪಿಸಿದ ಕರಿ ಕಂತಿಯಲ್ಲಿ ಉಗುರಿನಷ್ಟು ಬಿರುಕು. ಚಿಕ್ಕಂದಿನಲ್ಲಿ ಇವರು ಎತ್ತಿನ ಗಾಡಿಯಿಂದ ಬಿದ್ದಾಗ ಆದ ಬಿರುಕು. ಅತ್ತೆ ಅದನ್ನು ಸಾವಿರ ಸಲ ಹೇಳಿದ್ದಾರೆ.

ಆಸ್ಪತ್ರೆಯ ಆ ಬೆಂಚು ಕಣ್ಣ ಮುಂದೆ ಬಂತು. ಮುಚ್ಚಳ ಒತ್ತಿ ನೋಡಿದ ಆ ಹೆಬ್ಬೆರಳು. ಬಿಸಿಲು ಬಿದ್ದಿರತೈತಿ, ಇರಲಿ ಬಿಡು. ಆಮ್ಯಾಲೇನಾತು, ಅದಕ್ಕೂ ಮುಂಚೆ? ಅಯ್ಯೋ ಶಿವನೇ. ಮನೆ ಮನೆಯಲ್ಲಿ, ಚಹಾ ಕುಡಿಯುತ್ತಾ, ನಗುನಗುತ್ತಾ, ಈ ಮನುಷ್ಯ ನನಗಾಗಿ ಬಾಗಿಲು ತೆರೆದು ನಿಂತಿದ್ದರು. ನಾನು ಪ್ರತಿ ಸಲವೂ ಮುಚ್ಚಿದ್ದೆ.

ಸುಮ್ಮನಿದ್ದಿದ್ದರೆ ನನ್ನ ಕೊರಳಲ್ಲಿ ಲಿಂಗ ಉಳಿಯುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಲಿಂಗಗೇಡಿ ಎನ್ನುವ ಹೆಸರನ್ನು ಇವರೇ ಹೊತ್ತುಕೊಂಡು ಹೋಗುತ್ತಿದ್ದರು. ಅದಕ್ಕೂ ತಯಾರಾಗಿಯೇ ಇದ್ದರೆಂದು ಕಾಣುತ್ತದೆ.

ಎದ್ದೆ. "ಬಾಯಿ ಮುಚ್ಚು ಮೈಲಾರಪ್ಪ" ಎಂದೆ. "ಕಳಕೊಂಡಾಕಿ ನಾನು. ಇವರಲ್ಲ. ಇವರದು ಇಲ್ಲೈತಿ, ನನ್ನ ಕೊರಳಾಗ." ಲಿಂಗವನ್ನು ಇವರ ಎಡ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದೆ. ತಣ್ಣಗಿದ್ದವು. ಫ್ಲಾರೆನ್ಸಿನಲ್ಲಿ ಹಿಡಿದ ಕೈ ಅದೇ.

"ಅವ್ವಾ, ಏನಂತಿ ನೀ?" ಎಂದು ಗಂಗೋತ್ರಿ ನನ್ನ ಭುಜ ಹಿಡಿದಳು. ಅಯ್ಯನವರು ಇವರ ಮಡಚಿದ ಬೆರಳುಗಳ ಮೇಲೆ ವಿಭೂತಿ ಹಚ್ಚಿದರು. ಆಮೇಲೆ, "ಕ್ರಿಯೆ ಮುಗೀಲಿ ತಾಯಿ. ನಿಮಗ ಬ್ಯಾರೆ ಲಿಂಗ ಕಟ್ಟತೀನಿ" ಎಂದು ಆ ಕಲ್ಲನ್ನು ಪಕ್ಕಕ್ಕಿಡಲು ಹೋದರು. ನಾನು ಅದನ್ನು ಇಸಿದುಕೊಂಡು ಕರಡಿಗೆಯಲ್ಲಿಟ್ಟುಕೊಂಡೆ. ಮುಚ್ಚಳ ಗಟ್ಟಿಯಾಗಿ ಒತ್ತಿದೆ.

ಹೊರಗೆ ಬಾಜಾ ಭಜಂತ್ರಿಯವರು ಬಂದಿದ್ದರು. ಹೊತ್ತಾಯಿತು ಎಂದು ಯಾರೋ ಅಂದರು. ನಾನು ಇವರ ಪಕ್ಕದಲ್ಲಿ ಕೂತು ಕಿವಿಯ ಹತ್ತಿರ ಬಗ್ಗಿದೆ.

"ಕೇಳ್ರಿ" ಎಂದೆ. "ನೀವು ಫೋಟೋ ಹೊಡದ್ರಿ. ನಾನು ನಕ್ಕೆ. ಮುಚ್ಚಳ ಸಡಲ ಇತ್ತು, ಬೆಳಿಗ್ಗೆ ನಾನ ಸರಿ ಹಾಕಿದ್ದಿಲ್ಲ. ಲಿಂಗ ನೀರಾಗ ಬಿತ್ತು. ನನಗ ಗೊತ್ತಾತು. ನಿಮಗ ಹೇಳಾಕ ಹೆದರಿದೆ. ಆಮ್ಯಾಲೆ ಸೇತುವಿ ಬಂತು."

ಹೇಳಿ ಮುಗಿಸಿ ಅವರ ಮುಖ ನೋಡುತ್ತಾ ಕೂತೆ. ಅವರು ಏನೂ ಕೇಳಲಿಲ್ಲ.