ಮೋಡ ಬಲ್ಲ ಮಂಡಿ

ಹುಲ್ಲಿನ ತೆನೆ ಒಣಗಿ, ಬುಡದಲ್ಲಿ ಇನ್ನೂ ಹಸಿರಿರುವ ದಿನಗಳು. ಈಗ ಕೊಯ್ದು ಒಣಗಿಸಿದರೆ ದನಕ್ಕೆ ರುಚಿ; ವಾರ ತಡೆದರೆ ಬರೀ ಕಡ್ಡಿ. ಆರು ಮಂದಿ ಕೊಯ್ಲಿನವರು ಕುಡುಗೋಲು ಮಸೆದು ಮುಗಿಸಿ, ಬದುವಿನ ಮೇಲೆ ಕೂತು, ಹೊಲದ ಒಡತಿಯಾದ ಅತ್ತೆಯ ಬಲಮಂಡಿಯನ್ನೇ ನೋಡುತ್ತಿದ್ದರು.

ಮಳೆಗೆ ಮುಂಚೆ ನೋಯುತ್ತ, ಮೂವತ್ತು ವರ್ಷಗಳಿಂದ ಕೊಯ್ಲಿನ ದಿನ ಹೇಳುತ್ತ ಬಂದದ್ದು ಆ ಮಂಡಿ. ಹೋದ ವರ್ಷ ಮಾತ್ರ ಎರಡು ಸಲ ತಪ್ಪಿತ್ತು. ಹರಡಿದ ಹುಲ್ಲು ನೆಲದಲ್ಲೇ ಕೊಳೆತು, ಮೇವಿಲ್ಲದೆ ಎರಡು ಹಸು ಮಾರಬೇಕಾಯಿತು. ಈ ಸಲವೂ ತಪ್ಪಿದರೆ ಉಳಿದ ನಾಲ್ಕೂ ಹೋಗುತ್ತವೆ; ಅತ್ತೆಯ ಮಾತಿನ ಬೆಲೆಯೂ ಅವುಗಳ ಹಿಂದೆಯೇ ಹೋಗುತ್ತದೆ.

ಅತ್ತೆ ಮಂಡಿ ಒತ್ತಿ ನೋಡಿಕೊಂಡಳು. "ಚುಳ್ ಅಂತಿದೆ. ಇವತ್ತು ಬೇಡ, ಮನೆಗೆ ನಡೀರಿ."

ಹಾಲಿನ ಡೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಸೊಸೆ ಮೊಬೈಲಿನಿಂದ ತಲೆ ಎತ್ತಿದಳು. "ಇರಿ ಅತ್ತೆ. ಮೋಡದ ಚಿತ್ರ ಮೂರು ದಿನ ಬಿಸಿಲು ಅಂತಿದೆ."

"ಯಾರು ತೆಗೆದ ಚಿತ್ರ?"

"ಉಪಗ್ರಹ, ಮೇಲಿಂದ."

"ಆ ಪಟಾಕಿ ಹಾರಿಸೋರದಾ? ಅಷ್ಟು ದುಡ್ಡು ಆಕಾಶಕ್ಕೆ ಸುರಿಯೋ ಬದಲು ನಮ್ಮ ರಸ್ತೆಗೆ ನಾಲ್ಕು ಬುಟ್ಟಿ ಜಲ್ಲಿ ಸುರಿದಿದ್ರೆ ಪುಣ್ಯ ಬರ್ತಿತ್ತು."

ಊರೆಲ್ಲ 'ಗಡಿಬಿಡಿ' ಎಂದು ಕರೆಯುವ ಕೊಯ್ಲಿನವ ಎದ್ದು ನಿಂತ. "ನಿಮ್ಮ ಜಗಳ ಮುಗಿಯೋದ್ರೊಳಗೆ ಹುಲ್ಲು ಮರ ಆಗುತ್ತೆ. ಮಂಡಿಯೋ ಮೋಡವೋ, ಒಂದು ಹೇಳಿ ತಾಯಿ!"

"ಎರಡೂ," ಅಂದಳು ಸೊಸೆ. "ಎರಡನ್ನೂ ಕೂಡಿಸಿದ್ರೆ ನಾಳೆ ಮಧ್ಯಾಹ್ನದ ಮೇಲೆ ಮಳೆ ಅಂತ ಬರ್ತಿದೆ. ಈಗ ಕೊಯ್ದು ನಾಳೆ ಎರಡು ಗಂಟೆಯೊಳಗೆ ಕೊಟ್ಟಿಗೆಗೆ ಹಾಕಿದ್ರೆ ಬಚಾವು."

ಅತ್ತೆಯ ಹುಬ್ಬು ಮೇಲೇರಿತು. "ನನ್ನ ಮಂಡಿ ಆ ಡಬ್ಬಿಯೊಳಗೆ ಹೇಗೆ ಹೋಯ್ತೇ?"

ಸೊಸೆ ಬಾಯಿ ಬಿಡಲೇಬೇಕಾಯಿತು. ಮದುವೆಯಾಗಿ ಬಂದಾಗಿನಿಂದ ಅತ್ತೆ 'ಅಯ್ಯೋ ಮಂಡಿ' ಅಂದಾಗಲೆಲ್ಲ, ಅಕ್ಕನಿಗೆ ಹೇಳಿ ನಗಲೆಂದು ತಾರೀಖು ಬರೆದಿಡುತ್ತಿದ್ದಳು. ಹುಲ್ಲು ಕೊಳೆತ ಮೇಲೆ ಆ ಪಟ್ಟಿಯನ್ನು ಮಳೆಯ ದಿನಗಳ ಪಕ್ಕ ಇಟ್ಟು ನೋಡಿದಳು. ದೂರದಿಂದ ಬರುವ ದೊಡ್ಡ ಮಳೆ ಮಂಡಿಗೆ ತಿಳಿಯುತ್ತಿರಲಿಲ್ಲ. ಎರಡು ಗುಡ್ಡಗಳ ನಡುವೆ ಇಲ್ಲೇ ಹುಟ್ಟಿ ಇಲ್ಲೇ ಸುರಿಯುವ ಮೋಡ ಚಿತ್ರಕ್ಕೆ ತಿಳಿಯುತ್ತಿರಲಿಲ್ಲ. ಮಂಡಿಗೆ ತಿಳಿಯುತ್ತಿತ್ತು, ಆದರೆ ಅದು ಒಂದು ದಿನ ಮೊದಲೇ ಗಾಬರಿಯಾಗುತ್ತಿತ್ತು.

"ಮಳೆ ಹೇಳೋ ಈ ಪ್ರೋಗ್ರಾಂ ಬಿಟ್ಟಿ ಸಿಗುತ್ತೆ ಅತ್ತೆ. ಒಳಗೆ ಲೆಕ್ಕ ಹೇಗೆ ಹಾಕುತ್ತೆ ಅನ್ನೋದನ್ನೂ ಬಿಚ್ಚಿಟ್ಟಿದ್ದಾರೆ. ಯಾರು ಬೇಕಾದ್ರೂ ಓದಬಹುದು, ತಿದ್ದಬಹುದು. ನಾನು ನಿಮ್ಮ ಮಂಡಿನ ಸೇರಿಸ್ದೆ."

"ಸೇರಿಸಿ?"

"ಅದಕ್ಕೊಂದು ಕರಾರಿದೆ. ತಿದ್ದಿದ್ದನ್ನ ಇನ್ನೊಬ್ಬರಿಗೆ ಕೊಟ್ರೆ, ಏನು ತಿದ್ದಿದ್ವಿ ಅನ್ನೋದನ್ನೂ ಬಿಚ್ಚಿಡಬೇಕು. ನಾನು ಅಕ್ಕನಿಗೆ ಕೊಟ್ಟೆ. ಹಾಗಾಗಿ ಎಲ್ಲರಿಗೂ ಕಾಣೋ ಹಾಗೇ ಇಟ್ಬಿಟ್ಟೆ..."

"ನನ್ನ ಮಂಡಿನ ಬೀದಿಗೆ ತಂದ್ಯಲ್ಲೇ!"

ಕೊಯ್ಲಿನವರು ಟವೆಲಿನಿಂದ ಬಾಯಿ ಮುಚ್ಚಿಕೊಂಡರು.

"ಬೀದಿಗಲ್ಲ, ಸಮುದ್ರದಾಚೆಗೆ. ಅಲ್ಲಿ ಕುರಿ ಸಾಕೋ ಒಬ್ಬಾಕೆ ತನ್ನ ಸೊಂಟನೂ ಸೇರಿಸಿದ್ದಾಳೆ. ನನ್ನ ಲೆಕ್ಕದಲ್ಲಿ ಒಂದು ತಪ್ಪಿತ್ತು, ಅದನ್ನೂ ತಿದ್ದಿ ಕಳಿಸಿದ್ಲು. ಇಲ್ಲದಿದ್ರೆ ನಾಳೆ ಮಳೆ ಅಂತ ಗೊತ್ತಾಗ್ತಿರಲಿಲ್ಲ."

ಅತ್ತೆ ತನ್ನ ಬಲಮಂಡಿ ಸವರಿಕೊಂಡಳು. "ಎಡಸೊಂಟವೋ, ಬಲವೋ?"

"ಎಡ."

"ಎಡ ಅಷ್ಟು ನಂಬಿಕೆ ಅಲ್ಲ," ಎಂದು ಕೊಯ್ಲಿನವರ ಕಡೆ ತಿರುಗಿದಳು. "ಏನ್ ಹಲ್ಲು ಕಿರಿತಾ ಕೂತಿದ್ದೀರಿ? ಮಂಡಿ ಹೇಳಿದೆ, ಕೊಯ್ರಿ!"

ಮರುದಿನ ಕೊನೆಯ ಹೊರೆ ಕೊಟ್ಟಿಗೆ ಸೇರಿದಾಗ ಎರಡು ಗಂಟೆಗೆ ಹತ್ತು ನಿಮಿಷವಿತ್ತು. ಅರ್ಧ ಗಂಟೆಯಲ್ಲಿ ಗುಡ್ಡದ ಸಂದಿಯಿಂದ ಮೋಡ ಎದ್ದು, ಬೋಳು ಹೊಲದ ಮೇಲೆ ಧೋ ಎಂದು ಸುರಿಯಿತು.

ಅತ್ತೆ ಒಣಹುಲ್ಲಿನ ಮೇಲೆ ಕಾಲು ಚಾಚಿ ಕೂತಳು. "ಆ ಪಟಾಕಿಯವರಿಗೆ ಏನು ಕೊಡ್ಬೇಕು ಕೇಳು. ಬಿಟ್ಟಿ ತಿಂದ್ರು ಅನ್ನೋ ಮಾತು ಬೇಡ."

"ಏನೂ ಬೇಡ. ಸೋಪು, ಸಕ್ಕರೆ ಕೊಂಡಾಗಲೆಲ್ಲ ನೀವು ತೆರಿಗೆ ಕಟ್ಟಿದ್ದೀರಲ್ಲ, ಹಾರಿಸಿದ್ದು ಅದರಲ್ಲೇ."

"ನನ್ನ ದುಡ್ಡಾ? ಮೊದಲೇ ಬೊಗಳಬಾರದಾ! ಹಾಗಾದ್ರೆ ಇನ್ನೊಂದು ಹಾರಿಸಲಿ. ಇದಕ್ಕೆ ಗುಡ್ಡದ ಸಂದಿ ಸರಿಯಾಗಿ ಕಾಣಲ್ಲ."

"ಮತ್ತೆ ರಸ್ತೆ?"

"ರಸ್ತೆನೂ ಆಗ್ಲಿ. ನನ್ನ ದುಡ್ಡು ನಾನು ಕೇಳಕ್ಕೆ ನಿನ್ನ ಅಪ್ಪಣೆ ಬೇಕಾ? ಆ ಸೊಂಟದವಳ ಋಣ ಮಾತ್ರ ಇಟ್ಕೋಬಾರ್ದು. ಬರಿ: ಹರಳೆಣ್ಣೆ ಬಿಸಿ ಮಾಡಿ ಹಚ್ಚಿ, ಬಟ್ಟೆ ಸುತ್ತಿ ಮಲಗಲಿ. ಮೂರೇ ವಾರಕ್ಕೆ ನೋವು ಮಾಯ."

ಸೊಸೆ ಬರೆದು ಕಳಿಸಿದಳು. ಆಮೇಲೆ ಕೇಳಿದಳು: "ಇಷ್ಟು ಒಳ್ಳೆ ಔಷಧಿ ಗೊತ್ತಿದ್ದೂ ನೀವ್ಯಾಕೆ ಮೂವತ್ತು ವರ್ಷದಿಂದ ಹಚ್ಕೊಂಡಿಲ್ಲ?"

"ಹಚ್ಕೊಂಡಿದ್ರೆ ಕೊಯ್ಲಿನ ದಿನ ನಿಮ್ಮಪ್ಪ ಬಂದು ಹೇಳ್ತಿದ್ನಾ?" ಅಂದಳು ಅತ್ತೆ.