ಎಡಗಾಲಿಯ ಗುಂಯ್ ಸದ್ದು

ನನ್ನ ತಮ್ಮ ವ್ಯಾನು ಓಡಿಸುತ್ತಾನೆ. ಬಿಸ್ಕತ್ತು ಕಾರ್ಖಾನೆಯ ಹೆಂಗಸರನ್ನು ಬೆಳಿಗ್ಗೆ ಕೆಲಸಕ್ಕೆ ಕರೆದೊಯ್ದು ಸಂಜೆ ಮನೆಗೆ ಬಿಡುತ್ತಾನೆ. ಅವನ ಹೆಂಡತಿಯೂ ಅಲ್ಲೇ ಪ್ಯಾಕಿಂಗ್ ಕೆಲಸದಲ್ಲಿದ್ದಾಳೆ. ಹೋದ ವರ್ಷ ಹನ್ನೆರಡು ಹೆಂಗಸರು ಸೇರಿ ಸಮುದ್ರ ನೋಡಲು ಹೊರಟಿದ್ದರು. ಅವರಲ್ಲಿ ಅರ್ಧ ಜನ ಸಮುದ್ರವನ್ನೇ ಕಂಡವರಲ್ಲ. ದಾರಿಯಲ್ಲಿ ದೊಡ್ಡ ಬೆಟ್ಟ ಇಳಿಯಬೇಕು.

ಹೊರಡುವ ಹಿಂದಿನ ದಿನ ನಾನು ಅವನ ಪಕ್ಕ ಕೂತು ಮನೆಗೆ ಬರುತ್ತಿದ್ದೆ. ಎರಡು ಬೀದಿ ದಾಟಿರಲಿಲ್ಲ, ಮುಂದಿನ ಎಡಗಾಲಿಯಿಂದ ಗುಂಯ್ ಎಂದು ಸದ್ದು ಬಂತು. ಬಲಕ್ಕೆ ತಿರುಗಿದಾಗ ಜೋರಾಯಿತು, ಎಡಕ್ಕೆ ತಿರುಗಿದಾಗ ಅಡಗಿತು.

"ಏನೋ ಅದು ಸದ್ದು?"

"ಟೈರು ಹಳೇದಾಗಿದೆ ಕಣಕ್ಕ."

"ಟೈರಾದ್ರೆ ತಿರುವಲ್ಲಿ ಇಷ್ಟು ಬದಲಾಗಲ್ಲ. ಬೇರಿಂಗು ಹೋಗಿರ್ಬೇಕು."

"ಹದಿನೈದು ದಿನದ ಹಿಂದೆ ಗಾಲಿ ಅಲ್ಲಾಡ್ತಿತ್ತು. ನಾನೇ ನಟ್ಟು ಬಿಗಿದಿದೀನಿ, ಚೆನ್ನಾಗೇ ಬಿಗಿದಿದೀನಿ. ಸುಮ್ನೆ ತಲೆ ತಿನ್ಬೇಡ."

'ಚೆನ್ನಾಗೇ' ಅಂದದ್ದು ನನಗೆ ಹಿಡಿಸಲಿಲ್ಲ; ಆ ನಟ್ಟನ್ನು ಬಲವಾಗಿ ಬಿಗಿಯುವಂತಿಲ್ಲ.

ನಮ್ಮಪ್ಪ ನಲವತ್ತು ವರ್ಷ ಗಾಡಿ ರಿಪೇರಿ ಮಾಡಿದವರು. ತಗಡಿನ ಶೆಡ್ಡು, ಒಂದೇ ಕಿಟಕಿ, ಅದರ ಕೆಳಗೆ ಸೀಮೆಎಣ್ಣೆಯ ತಟ್ಟೆ. ಆ ವಾಸನೆ ಎಲ್ಲಿ ಬಂದರೂ ನನಗೆ ಈಗಲೂ ಶಾಲೆ ಬಿಟ್ಟ ಹೊತ್ತು ನೆನಪಾಗುತ್ತದೆ. ಅಪ್ಪನ ಬೆರಳು ಜಡ್ಡುಗಟ್ಟಿ ಸಣ್ಣ ತರಿ ಗೊತ್ತಾಗುತ್ತಿರಲಿಲ್ಲ. "ಮಗಳೇ, ನಿನ್ನ ಬೆರಳು ಕೊಡು," ಎಂದು ಕರೆಯುತ್ತಿದ್ದರು. ನಾನು ಕಣ್ಣು ಮುಚ್ಚಿ, ಬೇರಿಂಗಿನಲ್ಲಿ ರೋಲರ್‌ಗಳು ಉರುಳುವ ಉಕ್ಕಿನ ಬಳೆಯ ಮೇಲೆ ಬೆರಳಾಡಿಸಿ, ಒರಟು ಎಲ್ಲಿದೆ ಎಂದು ಹೇಳಬೇಕು. ತಮ್ಮ ಕೆಟ್ಟ ಬಳೆಗಳನ್ನು ಬೀದಿಯ ಇಳಿಜಾರಿನಲ್ಲಿ ಉರುಳಿಸುತ್ತಾ ಓಡುತ್ತಿದ್ದ. "ಅವನು ಬೇರಿಂಗು ಓಡಿಸ್ತಾನೆ, ನೀನು ಅದನ್ನ ಓದ್ತೀಯ," ಎಂದು ಅಪ್ಪ ನಗುತ್ತಿದ್ದರು.

ಮನೆ ಮುಂದೆ ಇಳಿದವಳೇ ಗಾಲಿಯ ನಡುವಿಗೆ ಮುಟ್ಟದಂತೆ ಕೈ ಹಿಡಿದೆ. ಒಲೆಯ ಝಳ! ಬಲಗಾಲಿ ಬರೀ ಉಗುರುಬೆಚ್ಚಗಿತ್ತು.

"ಈಗ ಬಿಚ್ಚಿದ್ರೆ ನಾಳೆ ಹೋದ ಹಾಗೇ. ಹನ್ನೆರಡು ಜನಾನೂ ನನ್ನನ್ನೇ ಬೈತಾರೆ," ಎಂದ ತಮ್ಮ.

"ಬೈಸ್ಕೊಳ್ಳೋಣ ಬಿಡ್ರೀ," ಎಂದಳು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ. "ಅತ್ತಿಗೆ ಇಷ್ಟು ಹೇಳ್ತಿದಾರೆ, ಒಂದ್ಸಲ ನೋಡಿ."

ಗಾಲಿ ತಣ್ಣಗಾಗಲು ಬಿಟ್ಟೆವು. ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕಿಯಿಂದ ಎತ್ತಿ, ಗಾಡಿಯ ಅಡಿ ಭದ್ರವಾದ ಸ್ಟ್ಯಾಂಡ್ ಇಟ್ಟೆವು. ಗಾಲಿ ತಿರುಗಿಸಿದರೆ ಕರಕರ ಎಂದಿತು. ಬಿಚ್ಚಿ, ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದೆ.

"ಸೀಲಿನ ಹತ್ರ ಉಳಿದಿರೋ ಗ್ರೀಸು ನೋಡು, ಹಾಲು ಕಲಸಿದ ಹಾಗಿದೆ. ಸೀಲು ಹರಿದು ನೀರು ಒಳಗೆ ಹೋಗಿದೆ. ರೋಲರ್ ಮೇಲೆ ಚುಕ್ಕಿ ಚುಕ್ಕಿ ತುಕ್ಕು. ಅಲ್ಲಿಂದಲೇ ಬಳೆ ಚಕ್ಕೆ ಎದ್ದಿದೆ. ಅದಕ್ಕೇ ಗಾಲಿ ಅಲ್ಲಾಡಿದ್ದು."

"ಮತ್ತೆ ರೋಲರ್ ಮೇಲಿರೋ ಈ ನೀಲಿ ಬಣ್ಣ?" ಎಂದ ತಮ್ಮ.

"ಅದು ನಿನ್ನ ಕೈಕೆಲಸ."

"ನಾನೇನು ಮಾಡ್ದೆ?"

"ಈ ರೋಲರ್ ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ನಟ್ಟು ಬಿಗಿದಷ್ಟೂ ಬಳೆಯೊಳಗೆ ಒತ್ಕೊಳ್ತವೆ. ಉರುಳೋಕೆ ಜಾಗ ಇಲ್ದೆ ಉಜ್ಜಿ ಉಜ್ಜಿ ಕಾಯ್ತವೆ. ಕಾದು ಕಾದು ಉಕ್ಕು ನೀಲಿಯಾಗಿದೆ."

"ನಾಳೆ ಬೆಟ್ಟ ಇಳಿಯೋವಾಗ..."

"ಗಾಲಿ ಹಿಡ್ಕೊಂಡ್ಬಿಡ್ತಿತ್ತು. ಇಲ್ಲಾ ಕಳಚ್ಕೊಂಡೇ ಹೋಗ್ತಿತ್ತು."

ತಮ್ಮ ನೆಲದ ಮೇಲೆ ಕೂತ. ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವನು ಬಳೆಯನ್ನು ಕೈಗೆ ತೆಗೆದುಕೊಂಡ.

"ಅಪ್ಪ ನನ್ನ ಬೆರಳು ಯಾವತ್ತೂ ಕೇಳ್ಲಿಲ್ಲ, ಅಕ್ಕ."

"ನೀನು ಒಂದು ಕಡೆ ನಿಂತಿದ್ರೆ ತಾನೇ ಕೇಳೋಕೆ?"

ಅವನು ನಕ್ಕ. ಕಣ್ಣು ಮುಚ್ಚಿ ಬೆರಳಾಡಿಸಿದ. "ಇಲ್ಲಿ ತರಿತರಿ ಅನ್ಸುತ್ತೆ," ಎಂದ. ಅಪ್ಪ ಇರಬೇಕಿತ್ತು ಎನಿಸಿತು ನನಗೆ.

ಪ್ರವಾಸ ಒಂದು ವಾರ ಮುಂದೆ ಹೋಯಿತು. ಹೆಂಗಸರು ಬೈದರು, ನೀಲಿ ರೋಲರ್ ನೋಡಿ ಸುಮ್ಮನಾದರು. ಒಳಗಿನ, ಹೊರಗಿನ ಎರಡೂ ಬೇರಿಂಗುಗಳನ್ನು ಬಳೆಸಮೇತ ಬದಲಿಸಿದೆವು. ಹೊಸ ಸೀಲು, ಹೊಸ ಗ್ರೀಸು. ಗಾಲಿ ತಿರುಗಿಸುತ್ತಲೇ ನಟ್ಟು ಬಿಗಿದು, ಕಂಪನಿ ಪುಸ್ತಕದಲ್ಲಿ ಹೇಳಿದಷ್ಟು ಹಿಂದಕ್ಕೆ ಸಡಿಲಿಸಿ, ನಟ್ಟು ಕದಲದಂತೆ ಹೊಸ ಪಿನ್ನು ಹಾಕಿದ್ದು ತಮ್ಮನೇ.

ಬೆಟ್ಟದ ಬುಡದಲ್ಲಿ ಅವನು ವ್ಯಾನು ನಿಲ್ಲಿಸಿ ನಾಲ್ಕೂ ಗಾಲಿಯ ಹತ್ತಿರ ಕೈ ಹಿಡಿದು ನೋಡಿದನಂತೆ. "ಏನ್ ಡಾಕ್ಟ್ರೇ, ಜ್ವರ ಇಳೀತಾ?" ಎಂದು ಹೆಂಗಸರು ಗೋಳು ಹೊಯ್ದುಕೊಂಡರಂತೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು.

ಗಾಡಿ ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಲಿಯ ಸದ್ದನ್ನು ಇವತ್ತೇ ಕಿವಿಗೊಟ್ಟು ಕೇಳಿ. ಗುಂಯ್‌ಗುಟ್ಟಿದರೆ, ಪಕ್ಕದ ಗಾಲಿಗಿಂತ ಹೆಚ್ಚು ಕಾದರೆ, ಅಲ್ಲಾಡಿದರೆ, ಸುಮ್ಮನೆ ನಟ್ಟು ಬಿಗಿಯಬೇಡಿ. ಬಲ್ಲವರಿಂದ ಬಿಚ್ಚಿಸಿ. ಕೆಟ್ಟ ಬೇರಿಂಗನ್ನು ಎಸೆಯುವ ಮುಂಚೆ ಅದು ಏಕೆ ಕೆಟ್ಟಿತೆಂದು ಕೇಳಿ. ಕಾರಣ ಹಾಗೇ ಉಳಿದರೆ ಹೊಸದೂ ಕೆಡುತ್ತದೆ. ಹಿಂದಿನ ಸೀಟಿನಲ್ಲಿ ಮಾತಾಡುತ್ತಾ ಕೂತವರಿಗೆ ಆ ಸದ್ದು ಕೇಳಿಸುವುದಿಲ್ಲ. ಅವರ ಪಾಲಿನದನ್ನೂ ನೀವೇ ಕೇಳಬೇಕು.